'ಇದ್ದಾಗ್ಯೂ' ಎಂಬ ಪದ: ಉದ್ಯೋಗ ಖಾತ್ರಿಯ ಕೂಲಿ ಪ್ರಕರಣದ ಒಂದು ವಿಮರ್ಶೆ

ಕಾರ್ಮಿಕ ಕಾನೂನುಗಳು ದುಡಿಯುವವರಿಗೆ ನೆರವಾಗುತ್ತವೆಯೋ ಅವರ ಕೆಲಸವನ್ನೇ ಕಸಿಯುತ್ತವೆಯೋ ಎಂಬ ವಾದ ನಡೆದಾಗಲೆಲ್ಲ 2005ರ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯು ಎರಡೂ ಕಡೆಯವರಿಗೆ ಮೊದಲ ಸಾಕ್ಷಿಯಾಗಿ ಒದಗುತ್ತದೆ. ಕೂಲಿಕಾರರ ಪರವಾಗಿ ಬರೆಯುವವರು ಅದನ್ನು ಸರ್ಕಾರದ ರಕ್ಷಣೆಯ ಅತ್ಯುನ್ನತ ರೂಪವೆಂದು ಕೊಂಡಾಡಿದರೆ, ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಹೊಲದೊಡೆಯರ ಪರವಾಗಿ ಮಾತನಾಡುವವರು ಆಳಿನ ಪಗಾರದಲ್ಲಿ ಸರ್ಕಾರ ಕೈಹಾಕಿದ್ದರ ಕೆಟ್ಟ ಉದಾಹರಣೆಯೆಂದು ದೂರುತ್ತಾರೆ. ಈ ಹೊಗಳಿಕೆ ಮತ್ತು ತೆಗಳಿಕೆಗಳೆರಡೂ ಅಳತೆ ಮೀರಿದವು. ಖಾತ್ರಿಯ ಕೂಲಿಯು ಕಾರ್ಮಿಕ ಕಾನೂನಿನ ಫಲವಲ್ಲ, ಆ ಕಾನೂನನ್ನು ಬದಿಗೆ ಸರಿಸಿದ್ದರ ಫಲ. ಹಾಗೆ ಸರಿಸಿದ್ದು ಕಾಯ್ದೆಯ 6ನೆಯ ಪ್ರಕರಣ. ವಾದಿಸುವವರು ಓದದೆ ದಾಟಿಹೋಗುವುದೂ ಅದನ್ನೇ.

ಈ ಪ್ರಕರಣಕ್ಕೆ ಎರಡು ಉಪಪ್ರಕರಣಗಳಿವೆ. 1948ರ ಕನಿಷ್ಠ ವೇತನ ಅಧಿನಿಯಮದಲ್ಲಿ ಏನೇ ಇದ್ದಾಗ್ಯೂ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಕೂಲಿಯ ದರವನ್ನು ಗೊತ್ತುಪಡಿಸಬಹುದು ಎಂಬುದು ಮೊದಲನೆಯದರ ಸಾರ; ಹಾಗೆ ಗೊತ್ತುಪಡಿಸುವವರೆಗೆ ರಾಜ್ಯವು ಕೃಷಿ ಕಾರ್ಮಿಕರಿಗೆ ನಿಗದಿ ಮಾಡಿದ ಕನಿಷ್ಠ ಕೂಲಿಯೇ ಸಲ್ಲುತ್ತದೆ ಎಂಬುದು ಎರಡನೆಯದರ ಸಾರ. ಆಡುಮಾತಿನ 'ಇದ್ದರೂ' ಎಂಬ ಪದ ಎದುರಿನ ಸಂಗತಿಯನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತದೆ: ಮಳೆ ಇದ್ದರೂ ಸಂತೆಗೆ ಹೋದರು ಎಂದಾಗ ಮಳೆ ಸುರಿಯುತ್ತಲೇ ಇರುತ್ತದೆ, ಹೋದವರು ತೊಯ್ಯುತ್ತಾರೆ. ಶಾಸನದ 'ಇದ್ದಾಗ್ಯೂ' ಹಾಗಲ್ಲ. ತನಗಿಂತ ಹಿಂದೆ ಬಂದ ಮಾತಿನ ಬಲವನ್ನೇ ಅದು ಆ ಸಂದರ್ಭದ ಮಟ್ಟಿಗೆ ಇಲ್ಲವಾಗಿಸುತ್ತದೆ. ಉಪಪ್ರಕರಣಗಳ ಅನುಕ್ರಮವೂ ಗಮನಾರ್ಹ. ಸಾಮಾನ್ಯ ನಿಯಮವಾಗಿ ಮೊದಲು ನಿಲ್ಲಬೇಕಾಗಿದ್ದ ರಾಜ್ಯದ ಕನಿಷ್ಠ ಕೂಲಿಯು ಇಲ್ಲಿ ತಾತ್ಕಾಲಿಕ ಏರ್ಪಾಡಾಗಿ ಹಿಂದೆ ಸರಿದಿದೆ, ವಿನಾಯಿತಿಯೇ ಮುಂದಿನ ಸ್ಥಾನ ಪಡೆದಿದೆ. 2009ರ ಜನವರಿ 1ರಂದು ಕೇಂದ್ರವು ಅಧಿಸೂಚನೆ ಹೊರಡಿಸಿದಾಗ ಎರಡನೆಯ ಉಪಪ್ರಕರಣ ಕೆಲಸವಿಲ್ಲದ್ದಾಯಿತು. ಕಾಯ್ದೆಯೊಳಗೆ ಉಳಿದ ತಳಮಟ್ಟವೆಂದರೆ ದಿನಕ್ಕೆ 60 ರೂಪಾಯಿಗಿಂತ ಕಡಿಮೆ ಗೊತ್ತುಪಡಿಸಬಾರದೆಂಬ ಒಂದು ಷರತ್ತು ಮಾತ್ರ.

ಆ ಪದ ಸರಿಸಿದ್ದು ದರವೊಂದನ್ನೇ ಎಂದು ತಿಳಿದವರು 1948ರ ಅಧಿನಿಯಮದ 17ನೆಯ ಪ್ರಕರಣವನ್ನು ಮರೆತಿದ್ದಾರೆ. ದಿನದ ಲೆಕ್ಕದಲ್ಲಲ್ಲದೆ ಮಾಡಿದ ಕೆಲಸದ ಪ್ರಮಾಣಕ್ಕೆ ಕೂಲಿ ಕೊಡುವ ಕ್ರಮಕ್ಕೆ ಧಾರವಾಡದ ಕಡೆ ಗುತ್ತಿಗೆ ಎನ್ನುತ್ತಾರೆ. ಅಂಥ ಕೆಲಸಕ್ಕೆ ಪ್ರತ್ಯೇಕ ದರ ನಿಗದಿಯಾಗದೆ ದಿನದ ದರ ಮಾತ್ರ ನಿಗದಿಯಾಗಿದ್ದರೆ, ದುಡಿದವರಿಗೆ ದಿನದ ಕನಿಷ್ಠ ದರಕ್ಕಿಂತ ಕಡಿಮೆ ಕೊಡಕೂಡದೆಂದು ಆ ಪ್ರಕರಣ ವಿಧಿಸಿತ್ತು. ಅಲ್ಲಿ ದರವೆಂದರೆ ಕಾಲೂರಲು ಇದ್ದ ನೆಲ. ಖಾತ್ರಿಯಲ್ಲಿ ಅದು ಮುಟ್ಟಬೇಕಾದ ಗುರಿಯಾಗಿ ಮಾರ್ಪಟ್ಟಿದೆ. ಬದು ಹಾಕುವಾಗಲೋ, ಕೃಷಿ ಹೊಂಡ ತೋಡುವಾಗಲೋ, ಕೆರೆಯ ಹೂಳೆತ್ತುವಾಗಲೋ ಗುಂಪು ಅಗೆದ ಮಣ್ಣನ್ನು ಘನ ಮೀಟರ್‌ಗಳಲ್ಲಿ ಅಳೆದು, ಅಳತೆ ಪುಸ್ತಕಕ್ಕೆ ಏರಿಸಿ, ದರಪಟ್ಟಿಯಿಂದ ಗುಣಿಸಿ, ಬಂದ ಮೊತ್ತವನ್ನು ಹಾಜರಿದ್ದವರಿಗೆ ಹಂಚಲಾಗುತ್ತದೆ. ಕರ್ನಾಟಕದ 2025-26ರ ದರ 370 ರೂಪಾಯಿ. ಗುಂಪು ಗೊತ್ತುಪಡಿಸಿದ ಪ್ರಮಾಣದ ಐದರಲ್ಲಿ ನಾಲ್ಕು ಪಾಲು ಮಾತ್ರ ಅಗೆದರೆ, ಇಡೀ ದಿನ ಬಿಸಿಲಲ್ಲಿ ನಿಂತವರ ಪಾಲಿಗೆ ಬರುವುದು 296 ರೂಪಾಯಿ. ಸಾಮಾನ್ಯ ಆಳೊಬ್ಬರು ನಿಗದಿತ ಅವಧಿ ದುಡಿದರೆ ಪೂರ್ತಿ ಕೂಲಿ ಸಿಗುವಂತೆ ದರಪಟ್ಟಿ ಇರಬೇಕೆಂದು ಖಾತ್ರಿ ಕಾಯ್ದೆಯ ಅನುಸೂಚಿಯೇ ಹೇಳುತ್ತದೆ ಎಂಬುದು ನಿಜ. ಆದರೆ ಕೆಲಸ ಹೆಚ್ಚಾಗಿ ನಡೆಯುವುದು ಬೇಸಿಗೆಯಲ್ಲಿ, ನವಲಗುಂದ, ಅಣ್ಣಿಗೇರಿಗಳ ಎರೆಭೂಮಿ ಒಣಗಿ, ಬಿರಿದು, ಗುದ್ದಲಿಯ ಏಟಿಗೆ ಹೆಂಟೆಯಾಗಿ ಮಾತ್ರ ಏಳುವ ದಿನಗಳಲ್ಲಿ. ಕಲಘಟಗಿಯ ಮಸಾರಿ ನೆಲದ ಅಗೆತವೇ ಬೇರೆ. ಬೇಸಿಗೆಯಲ್ಲಿ ಬೆಳಗಾವಿ ಮತ್ತು ಕಲಬುರಗಿ ವಿಭಾಗಗಳಿಗೆ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡಬೇಕಾಗಿ ಬಂದದ್ದೇ ಅಳತೆಯು ನೆಲಕ್ಕೂ ಬಿಸಿಲಿಗೂ ಹೊಂದುತ್ತಿರಲಿಲ್ಲ ಎಂಬುದಕ್ಕೆ ಸಾಕ್ಷಿ. 17ನೆಯ ಪ್ರಕರಣದ ಕೆಳಗೆ ಕೂಲಿಕಾರರು ಹಕ್ಕಾಗಿ ಪಡೆಯಬಹುದಾಗಿದ್ದುದು ಇಲ್ಲಿ ಸುತ್ತೋಲೆಯ ದಯೆಯಾಯಿತು.

ಸರ್ಕಾರಿ ಕಾಮಗಾರಿಗೆ ಕನಿಷ್ಠ ಕೂಲಿಯಿಂದ ವಿನಾಯಿತಿ ಸಲ್ಲುತ್ತದೆಯೇ ಎಂಬ ಪ್ರಶ್ನೆ ಹೊಸದಲ್ಲ. ಬರ ಪರಿಹಾರದ ಕಾಮಗಾರಿಗಳಿಗೆ ಕಾರ್ಮಿಕ ಕಾನೂನುಗಳಿಂದ ವಿನಾಯಿತಿ ಕೊಟ್ಟ ರಾಜಸ್ಥಾನದ 1964ರ ಕಾಯ್ದೆಯು ಸಂಜಿತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗಲೂ ರಸ್ತೆ ಕೆಲಸದ ಗುಂಪುಗಳಿಗೆ ಹೀಗೆಯೇ ಅಳೆದು ಹಂಚಲಾಗಿತ್ತು. 1983ರ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿಯವರು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದರು. ವಿಮರ್ಶಕರು ಉದ್ಧರಿಸುವುದು ಈ ಮಾತನ್ನೇ. ನ್ಯಾಯಮೂರ್ತಿ ಪಾಠಕರು ಮಾತ್ರ ಅಷ್ಟು ದೂರ ಹೋಗದೆ, ಸಮಾನತೆಯ 14ನೆಯ ವಿಧಿಯ ಮೇಲೆ ನಿಂತು ಅದೇ ನಿರ್ಣಯಕ್ಕೆ ಬಂದರು. ಖಾತ್ರಿಯ ಚರ್ಚೆಗೆ ಹೆಚ್ಚು ಒದಗುವುದು ಪಾಠಕರ ಕಿರಿದಾದ ದಾರಿ: ಅದರ ಪ್ರಕಾರ ಕೆಲಸ ಕೊಡುವವರ ಉದ್ದೇಶ ಪರಿಹಾರವೇ ಆಗಿದ್ದರೂ ಅದೇ ಕೆಲಸ ಮಾಡಿದ ಇಬ್ಬರ ನಡುವೆ ಕೂಲಿಯ ಭೇದ ಸಲ್ಲದು. 2011ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಖಾತ್ರಿಯ ಕೂಲಿಯು ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಇರಕೂಡದೆಂದಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಆದರೂ ದರವು ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕದ ಹಿಂದೆಯೇ ನಡೆಯಿತು, ಮತ್ತು 2018-19ರ 249 ರೂಪಾಯಿ 2019-20ರಲ್ಲಿಯೂ 249 ಆಗಿಯೇ ಉಳಿಯಿತು.

ಇಷ್ಟಾದ ಮೇಲೂ ಖಾತ್ರಿಯಿಂದಾಗಿ ಆಳು ಸಿಗುವುದಿಲ್ಲ, ಬೇಸಾಯ ಕೆಟ್ಟಿತು ಎಂಬ ಕೂಗು ನಿಂತಿಲ್ಲ. ಕೂಲಿಯನ್ನು ಕಾನೂನು ಏರಿಸಿದರೆ ಕೆಲಸ ಕುಗ್ಗುತ್ತದೆ ಎಂಬ ಅರ್ಥಶಾಸ್ತ್ರದ ಹಳೆಯ ಸೂತ್ರವನ್ನು ಈ ಕೂಗಿಗೆ ಆಧಾರವಾಗಿ ತರುವವರು, 1994ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾರ್ಡ್ ಮತ್ತು ಕ್ರೂಗರ್ ಅದನ್ನು ನ್ಯೂಜೆರ್ಸಿಯ ಹೋಟೆಲುಗಳಲ್ಲಿ ಪರೀಕ್ಷಿಸಿ ಪ್ರಶ್ನಿಸಿದ ಮೇಲೆ ಆ ವಾದ ಎಷ್ಟು ಬದಲಾಯಿತೆಂಬುದನ್ನು ಹೇಳುವುದಿಲ್ಲ. ಹೊಲದ ಕಾಲಮಾನವೂ ಅವರ ಪರವಾಗಿಲ್ಲ. ಹೆಸರಿನ ಸುಗ್ಗಿ ಮಳೆಗಾಲದ್ದು. ಹತ್ತಿ, ಮೆಣಸಿನಕಾಯಿ ಬಿಡಿಸುವುದು ಚಳಿಗಾಲದ್ದು. ಕಡಲೆ, ಜೋಳದ ಕಟಾವು ಬೇಸಿಗೆಯ ಬಾಗಿಲಲ್ಲಿ ಮುಗಿಯುತ್ತದೆ. ಬದು ಮತ್ತು ಕೆರೆಯ ಕೆಲಸ ಬಿರುಸಾಗುವುದು ಹೊಲ ಬರಿದಾದ ಮೇಲೆ. ಗಂಡಾಳಿನ ಪಗಾರ ಸಾಮಾನ್ಯವಾಗಿ ಖಾತ್ರಿಯ ದರಕ್ಕಿಂತ ಹೆಚ್ಚಿರುವುದರಿಂದ ಗಂಡಸರನ್ನು ಹೊಲದಿಂದ ಸೆಳೆಯುವ ಶಕ್ತಿ ಅದಕ್ಕಿಲ್ಲ. ಅವರನ್ನು ಸೆಳೆಯುವುದು ಹುಬ್ಬಳ್ಳಿ ಮತ್ತು ಗೋವೆಯ ಕಟ್ಟಡ ಕೆಲಸ. ಖಾತ್ರಿ ನಿಜವಾಗಿ ಅಲುಗಿಸಿದ್ದು ಹೆಣ್ಣಾಳಿನ ಪಗಾರವನ್ನು. ಸಮಾನ ವೇತನ ಅಧಿನಿಯಮ 1976ರಲ್ಲೇ ಬಂದಿದ್ದರೂ ಹೊಲದ ಬದುವಿನ ಮೇಲೆ ಹೆಣ್ಣಿಗೊಂದು ಗಂಡಿಗೊಂದು ದರ ನಡೆದೇ ಇತ್ತು. ನಮೂನೆ 6 ತುಂಬಿ ಕೆಲಸ ಕೇಳಿದ ಹೆಣ್ಣುಮಗಳಿಗೆ ಗಂಡಸಿನದೇ ದರ ಕಾಗದದ ಮೇಲಾದರೂ ಮೊದಲ ಸಲ ಕಂಡಿತು. ಆಳಿನ ಕೊರತೆ ಎಂದು ಹೇಳಲಾಗುವುದರಲ್ಲಿ ದೊಡ್ಡ ಪಾಲು ಈ ಹೋಲಿಕೆಯ ಕಿರಿಕಿರಿ.

ಮಳೆಯನ್ನೇ ನಂಬಿದ ಕುಂದಗೋಳದ ಸಣ್ಣ ಹಿಡುವಳಿದಾರರ ಸಂಕಟ ಸುಳ್ಳಲ್ಲ. ಸುಗ್ಗಿಯ ಹೊತ್ತಿಗೆ ಹೆಸರಿನ ಧಾರಣೆ ಕುಸಿದರೆ ಪಗಾರ ಕೊಡುವುದು ಕಷ್ಟವೇ. ಆದರೆ ಅದು ಧಾರಣೆಯ ಪ್ರಶ್ನೆ. 1980ರ ಜುಲೈ 21ರಂದು ನವಲಗುಂದದಲ್ಲಿ ಗುಂಡೇಟಿಗೆ ರೈತರು ಬಲಿಯಾದ ಮೇಲೆ ಬೆಳೆದ ಚಳವಳಿಯು ಆ ಪ್ರಶ್ನೆಯನ್ನು ರಾಜ್ಯದ ಮುಂದೆ ಗಟ್ಟಿಯಾಗಿ ಇಟ್ಟಿತು. ಕೂಲಿಯನ್ನು ಮಾತ್ರ ಅದು ಹೆಚ್ಚಾಗಿ ಬೇಸಾಯದ ಖರ್ಚಿನ ಬಾಬತ್ತಾಗಿ ಕಂಡಿತೇ ಹೊರತು ಇನ್ನೊಬ್ಬರ ಬದುಕಾಗಿ ಕಾಣಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಖಾತ್ರಿಯ ದಿನಗಳನ್ನು 100ರಿಂದ 125ಕ್ಕೆ ಏರಿಸುವುದರ ಜೊತೆಗೆ ಬಿತ್ತನೆ ಮತ್ತು ಸುಗ್ಗಿಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲು ಅವಕಾಶ ಕೊಟ್ಟಿತು. ಆಳಿನ ಕೊರತೆಯ ಕೂಗಿಗೆ ಹೀಗೆ ಶಾಸನದ ಮನ್ನಣೆಯೇ ದೊರೆಯಿತು. ಅದಕ್ಕೆ ಒಂದು ತಿಂಗಳು ಮುಂಚೆ, ನವೆಂಬರ್ 21ರಂದು, ಜಾರಿಗೆ ಬಂದ 2019ರ ವೇತನ ಸಂಹಿತೆಯು ಕನಿಷ್ಠ ಕೂಲಿಯ ಹಕ್ಕನ್ನು ಕೆಲವೇ ಉದ್ಯೋಗಗಳ ಪಟ್ಟಿಯಿಂದ ಬಿಡಿಸಿ ಎಲ್ಲ ದುಡಿಯುವವರಿಗೂ ವಿಸ್ತರಿಸಿತು; ಅದರ 66ನೆಯ ಪ್ರಕರಣವು ಖಾತ್ರಿ ಕಾಯ್ದೆಗೆ ಈ ಸಂಹಿತೆಯಿಂದ ಬಾಧಕವಿಲ್ಲವೆಂದು ಬರೆದು, ಬದು ಅಗೆಯುವವರನ್ನು ಆ 'ಎಲ್ಲ'ದ ಹೊರಗೇ ಉಳಿಸಿತು.