ಬಿನ್ ಬದಲಾಗದು, ಕೋಂ ಬಿಡದು

ಪಹಣಿಯನ್ನೋ ಹಳೆಯ ಕ್ರಯಪತ್ರವನ್ನೋ ತೆಗೆದು ನೋಡಿ. ಗಂಡಸಾದರೆ ‘ರಾಮೇಗೌಡ ಬಿನ್ ಕೆಂಪೇಗೌಡ’. ಮದುವೆಯಾದ ಹೆಂಗಸಾದರೆ ‘ಲಕ್ಷ್ಮಮ್ಮ ಕೋಂ ರಾಮೇಗೌಡ’. ಮದುವೆಗೆ ಮುಂಚೆ ರಾಮೇಗೌಡ ಕೆಂಪೇಗೌಡರ ಮಗ, ಮದುವೆಯಾದ ಮೇಲೂ ಮಗ, ಹೆಂಡತಿ ತೀರಿಕೊಂಡರೂ ಮಗನೇ. ಲಕ್ಷ್ಮಮ್ಮ ಮಾತ್ರ ತಾಳಿ ಕಟ್ಟಿಸಿಕೊಂಡ ದಿನವೇ ಅಪ್ಪನ ಹೆಸರು ಬಿಡುತ್ತಾಳೆ. ಗಂಡ ಸತ್ತರೆ ‘ಕೋಂ ಲೇಟ್ ರಾಮೇಗೌಡ’ ಆಗುತ್ತಾಳೆ. ಕುಮಾರಿಯೋ ಶ್ರೀಮತಿಯೋ ಎಂದು ಅವಳನ್ನು ವಿಚಾರಿಸುವ ಅರ್ಜಿ ನಮೂನೆ, ಅವನಿಗೆ ಒಂದು ‘ಶ್ರೀ’ ಕೊಟ್ಟು ಸುಮ್ಮನಾಗುತ್ತದೆ.

ಇದು ಸಂಪ್ರದಾಯ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ಎಲ್ಲರಿಗೂ ಅಡ್ಡಹೆಸರೇ ಇರಲಿಲ್ಲ; ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಸಾಕಿತ್ತು. ಹೆಂಡತಿ ಹೆಸರು ಬದಲಿಸಲೇಬೇಕೆಂದು 1955ರ ಹಿಂದೂ ವಿವಾಹ ಕಾಯಿದೆಯೂ ಹೇಳಿಲ್ಲ. ಆದರೆ ರೂಢಿಯ ಹಿಡಿತ ಎಷ್ಟಿತ್ತೆಂದರೆ, ಸ್ವತಂತ್ರ ಭಾರತದ ಮೊದಲ ಮತದಾರರ ಪಟ್ಟಿ ತಯಾರಾದಾಗ ಉತ್ತರದ ರಾಜ್ಯಗಳ ಬಹಳಷ್ಟು ಹೆಂಗಸರು ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿದರು. ಸ್ವಂತ ಹೆಸರು ಕೊಡಲೇಬೇಕೆಂದು ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಕೊಡದ ಸುಮಾರು 28 ಲಕ್ಷ ಮಂದಿಯ ನಮೂದುಗಳನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.

ಈಗ ತೆರಬೇಕಾದ ಬೆಲೆ ಬೇರೆ ಥರದ್ದು. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾಯಿದೆಯನ್ನು ಕರ್ನಾಟಕ 1994ರಲ್ಲೇ ತಂದಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಪಾಲು ಕೇಳಲು ಹೋದ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರ್‌ನಲ್ಲಿ ಗಂಡನ ಹೆಸರು. ಇಬ್ಬರೂ ಒಬ್ಬಳೇ ಎಂದು ಅವಳು ನೋಟರಿ ಮುಂದೆ ಪ್ರಮಾಣ ಮಾಡಬೇಕು. ಅಣ್ಣತಮ್ಮಂದಿರಿಗೆ ಈ ಓಡಾಟವಿಲ್ಲ. ಹಕ್ಕು ಸಮವಾದರೂ ಕಾಗದ ಸಮವಾಗಿಲ್ಲ.

ಗಂಡನ ಹೆಸರು ಕೆಲವರಿಗೆ ಆಸರೆಯೂ ಆಗಿದೆ, ನಿಜ. ಕೊಡಗಿನ ಗೌರಮ್ಮ 1930ರ ದಶಕದಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆ ಬರೆದರು. ವಿಧವೆಯರ, ಮೋಸಹೋದ ಹೆಣ್ಣುಗಳ ಪಾಡು ಬರೆದವರಿಗೆ ಆ ಸಹಿ ಒಂದಿಷ್ಟು ಮರೆ ಒದಗಿಸಿರಬಹುದು. ಆದರೆ ಆ ಸಹಿಯಲ್ಲಿ ಅವರ ಹೆಸರಿನ ಒಂದಕ್ಷರವೂ ಇಲ್ಲ. 1939ರಲ್ಲಿ, 27ರ ಹರೆಯದಲ್ಲಿ, ಅವರು ತೀರಿಕೊಂಡರು. ಆಮೇಲೆ ಕನ್ನಡ ಓದುಗರು ಆ ‘ಮಿಸೆಸ್’ ಕಳಚಿ, ನಾಡಿನ ಹೆಸರು ಸೇರಿಸಿ ಅವರನ್ನು ಉಳಿಸಿಕೊಂಡರು. ಸಾಹಿತ್ಯ ಚರಿತ್ರೆ ತೋರಿದ ಈ ವಿವೇಕ ಕಂದಾಯ ಇಲಾಖೆಗೆ ಇನ್ನೂ ಬಂದಿಲ್ಲ.

ಅಪ್ಪನೂ ಗಂಡಸೇ ತಾನೆ, ಅವನ ಹೆಸರು ಉಳಿಸಿಕೊಂಡರೆ ಏನು ಸಾಧಿಸಿದಂತಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ. ಅದಕ್ಕೆ ಉತ್ತರ ತಾಯಿಯ ಹೆಸರೂ ದಾಖಲೆಗೆ ಬರುವುದು. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂಬ ನಿಯಮ 2016ರ ಕೊನೆಗೆ ಬಂದಿದೆ. ಆದರೂ ಒಂದು ವ್ಯತ್ಯಾಸವಿದೆ: ಹುಟ್ಟಿನಿಂದ ಬಂದ ಹೆಸರು ಅಣ್ಣನಿಗೂ ತಂಗಿಗೂ ಒಂದೇ. ಮದುವೆಯಿಂದ ಬರುವ ಹೆಸರು ತಂಗಿಯೊಬ್ಬಳ ಪಾಲಿಗೆ.

ಪ್ರೀತಿಯಿಂದ ಗಂಡನ ಹೆಸರು ಸೇರಿಸಿಕೊಂಡವರ ಬಗ್ಗೆ ತಕರಾರಿಲ್ಲ. ಅದು ಆಯ್ಕೆಯೇ ಆಗಿದ್ದರೆ ಹೋದಷ್ಟೇ ಸಲೀಸಾಗಿ ಹಿಂದಿರುಗಲೂ ಬರಬೇಕು. ತವರಿನ ಹೆಸರಿಗೆ ಮರಳಲು ವಿಚ್ಛೇದನದ ತೀರ್ಪೋ ಗಂಡನ ನಿರಾಕ್ಷೇಪಣಾ ಪತ್ರವೋ ಬೇಕೆಂಬ ಕೇಂದ್ರ ಸರ್ಕಾರದ ಅಧಿಸೂಚನೆಯನ್ನು ಮಹಿಳೆಯೊಬ್ಬರು 2024ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಬೇಕಾಯಿತು. ಗಂಡನ ಮನೆಯ ಹೆಸರಿಗೆ ಹೋಗುವಾಗ ಅಪ್ಪನ ನಿರಾಕ್ಷೇಪಣಾ ಪತ್ರವನ್ನು ಯಾರೂ ಕೇಳುವುದಿಲ್ಲ.