ಕಳಿಸುವವರು, ಹೋಗುವವರು

ಮಕ್ಕಳನ್ನು ಶಾಲೆಗೆ ‘ಸೇರಿಸುತ್ತೇವೆ’. ರೋಗಿಯನ್ನು ಆಸ್ಪತ್ರೆಗೆ ‘ಸೇರಿಸುತ್ತೇವೆ’. ವೃದ್ಧಾಶ್ರಮದ ಮಾತು ಬಂದೊಡನೆ ಮಾತ್ರ ನಮ್ಮ ಕ್ರಿಯಾಪದ ಬದಲಾಗುತ್ತದೆ. ‘ತಾಯಿಯನ್ನು ವೃದ್ಧಾಶ್ರಮಕ್ಕೆ ಹಾಕಿಬಿಟ್ಟರಂತೆ’ ಎನ್ನುತ್ತೇವೆ. ಸ್ವಲ್ಪ ಸಿಟ್ಟಿದ್ದರೆ ‘ತಳ್ಳಿದರು’ ಎಂದೂ ಎನ್ನುತ್ತೇವೆ. ಆಶ್ರಮವೆಂಬ ಪದಕ್ಕಾದರೋ ಬೇರೊಂದು ನೆನಪಿದೆ. ವಾನಪ್ರಸ್ಥಕ್ಕೆ ಯಾರೂ ಯಾರನ್ನೂ ತಳ್ಳುವುದಿಲ್ಲ; ಹೊರಡುವವನೇ ಹೊತ್ತರಿತು ಹೊರಡಬೇಕೆಂಬುದು ಆ ಕಲ್ಪನೆ. ಹೋಗುವವರ ಇಚ್ಛೆಯನ್ನು ಹೇಳುವ ನಾಮಪದಕ್ಕೆ ಕಳಿಸುವವರ ಒರಟುತನವನ್ನು ಹೇಳುವ ಕ್ರಿಯಾಪದ ಗಂಟುಬಿದ್ದಿದೆ. ಈ ವಸ್ತುವನ್ನು ಎತ್ತಿಕೊಂಡ ನಮ್ಮ ಕಥೆ, ಚಲನಚಿತ್ರಗಳ ತೊಡಕೂ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಚಿತ್ರವನ್ನೂ, ಅದಾದ ಅರ್ಧ ಶತಮಾನಕ್ಕೆ ಬಂದ ‘ಈ ಬಂಧನ’ವನ್ನೂ (2007) ನೆನೆಯಬಹುದು. ಎರಡರಲ್ಲಿಯೂ ವೃದ್ಧ ದಂಪತಿಗಳನ್ನು ಮಕ್ಕಳು ಹಂಚಿಕೊಳ್ಳುತ್ತಾರೆ. ನೋಡಿದವರ ಕಣ್ಣು ಒದ್ದೆಯಾಗುತ್ತದೆ. ಆ ಕಣ್ಣೀರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತಪ್ಪು ಯಾರದೆಂಬುದು ಇಷ್ಟು ನಿಚ್ಚಳವಾಗಿರುವಲ್ಲಿ ಪ್ರೇಕ್ಷಕನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಕೃತಘ್ನನಾದ ಮಗನನ್ನು ಬಯ್ದು ಹಗುರಾಗಿ ಮನೆಗೆ ಹೋಗುತ್ತೇವೆ. ಕೃತಘ್ನನಲ್ಲದ ಮಗನ ಗತಿ ಏನು? ನಡುರಾತ್ರಿ ಎದ್ದು, ಬಿಟ್ಟು ಇಪ್ಪತ್ತು ವರ್ಷವಾದ ಕಚೇರಿಗೆ ಹೊರಟು ನಿಲ್ಲುವ ತಂದೆಯನ್ನು ಹಿಡಿದು ತಂದು ಮಲಗಿಸುವ, ಒಲೆಯ ಗ್ಯಾಸನ್ನು ಎರಡೆರಡು ಸಲ ನೋಡಿ ಬರುವ ಮನೆಯವರ ಕಥೆ ಯಾವುದು?

ನಮ್ಮ ಬಳಗದ ಒಂದು ಮನೆಯಲ್ಲಿ ಇಂಥ ದೊಡ್ಡಮ್ಮನೊಬ್ಬರಿದ್ದರು. ಸಂಜೆಯಾದರೆ ಒಂದೆರಡು ಸೀರೆಯನ್ನು ಗಂಟುಕಟ್ಟಿಕೊಂಡು, ‘ಕತ್ತಲಾಯಿತು, ನಮ್ಮ ಮನೆಗೆ ಹೋಗಬೇಕು’ ಎಂದು ಬಾಗಿಲಲ್ಲಿ ನಿಲ್ಲುವರು. ಸೊಸೆ ಅವರ ಕೈಹಿಡಿದು ಬೀದಿಯನ್ನು ಒಂದು ಸುತ್ತು ಹಾಕಿಸಿ, ಅದೇ ಬಾಗಿಲಿಗೆ ಕರೆತಂದು, ‘ಬಂತು ನೋಡಿ ಅತ್ತೆ, ನಿಮ್ಮ ಮನೆ’ ಎನ್ನುವಳು. ಹೀಗೆ ಎರಡು ವರ್ಷ ನಡೆಯಿತು. ಕೊನೆಗೆ ಸೊಸೆಯ ಸೊಂಟವೇ ಬಿದ್ದುಹೋದಾಗ ಗಂಡುಮಕ್ಕಳು ಮೂವರೂ ಕೂಡಿದರು. ಆಶ್ರಮದ ತಿಂಗಳ ಖರ್ಚು, ಊರಿನಿಂದ ಅದಕ್ಕಿರುವ ದೂರ, ಜನ ಏನೆಂದಾರು—ಈ ಮೂರು ವಿಚಾರಗಳ ಚರ್ಚೆಯಾಯಿತು. ದೊಡ್ಡಮ್ಮನಿಗೆ ಏನು ಬೇಕೆಂಬ ನಾಲ್ಕನೆಯದನ್ನು ಕೇಳುವಂತಿರಲಿಲ್ಲ. ಅವರು ಉತ್ತರ ಹೇಳಬಲ್ಲ ಕಾಲ ಮೀರಿತ್ತು. ಎರಡು ವರ್ಷ ಬೀದಿ ಸುತ್ತಿದ ಸೊಸೆಯನ್ನು ಕೇಳಬಹುದಿತ್ತು. ಆಕೆ ಕಾಫಿ ತರಲು ಒಳಗೆ ಹೋಗಿದ್ದಳು.

ಇಂಥ ಮನೆಗಳಿಗೆ ಹತ್ತಿರವಾಗಿ ಬಂದ ಕನ್ನಡ ಚಿತ್ರ ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016). ಕಾಣೆಯಾದವರ ಪ್ರಕಟಣೆಯ ಸವಕಲು ಮಾತನ್ನೇ ಹೆಸರಾಗಿ ಇಟ್ಟದ್ದರಲ್ಲಿ ಔಚಿತ್ಯವಿದೆ: ಒಬ್ಬ ಮನುಷ್ಯನ ಗುರುತು ಹೇಳಿರೆಂದರೆ ಸ್ವಂತ ಮಗನಿಗೂ ಇಷ್ಟೇ ತೋಚುತ್ತದೆ. ಆಲ್ಝೈಮರ್ ರೋಗಕ್ಕೆ ತುತ್ತಾದ ವೆಂಕೋಬರಾಯರ ಪಾತ್ರದಲ್ಲಿ ಅನಂತನಾಗ್ ಅವರ ಅಭಿನಯ ಸಂಯಮದ್ದು; ಕನಿಕರವನ್ನು ಅವರು ಎಲ್ಲಿಯೂ ಬೇಡುವುದಿಲ್ಲ. ಅದಕ್ಕಿಂತ ಮೆಚ್ಚತಕ್ಕ ಸಂಗತಿಯೆಂದರೆ, ಅವರಿರುವ ಆರೈಕೆಯ ಮನೆಯನ್ನು ಚಿತ್ರ ನರಕವಾಗಿ ತೋರಿಸಿಲ್ಲ. ಅಲ್ಲಿಯ ವೈದ್ಯೆ ಸಹನಾ ಮಗನಿಗಿಂತ ಚೆನ್ನಾಗಿ ಆ ಮುದುಕನನ್ನು ಬಲ್ಲಳು.

ಆದರೂ ನನ್ನದೊಂದು ತಕರಾರಿದೆ. ಚಿತ್ರ ತೊಡಗುವ ಹೊತ್ತಿಗೆ ತಂದೆ ಆರೈಕೆಯ ಮನೆಯಲ್ಲಿದ್ದಾರೆ, ಮಗ ಶಿವ ಮುಂಬಯಿಯಲ್ಲಿದ್ದಾನೆ. ಆ ನಿರ್ಧಾರ ತೆರೆಯ ಹಿಂದೆ ಆಗಿಹೋಗಿದೆ. ತಂದೆಯನ್ನು ಹೊರಗೆ ಕರೆದೊಯ್ದ ದಿನ ಮಗನ ಅಜಾಗರೂಕತೆಯಿಂದ ಅವರು ತಪ್ಪಿಸಿಕೊಳ್ಳುತ್ತಾರೆ. ಹುಡುಕಾಟದಲ್ಲಿ ಮಗನ ಮನಸ್ಸು ಕರಗುತ್ತದೆ. ಒಂದು ದಿನದ ಮೈಮರೆವಿಗೆ ಪ್ರಾಯಶ್ಚಿತ್ತ ದೊರೆಯಿತು. ಮೊದಲಿನ ನಿರ್ಧಾರ ಸರಿಯೋ ತಪ್ಪೋ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. ಕಳೆದುಹೋದ ತಂದೆಯನ್ನು ಹುಡುಕುವುದು ಕಷ್ಟವೇ ಸರಿ. ಎದುರಿಗೆ ಕುಳಿತಿರುವ ತಂದೆಯೊಡನೆ ಆ ಮಾತನ್ನು ಎತ್ತುವುದು ಅದಕ್ಕಿಂತ ಕಷ್ಟ.

ಆ ಮಾತು ಎದ್ದ ಗಳಿಗೆಯನ್ನು ನೇರವಾಗಿ ಎದುರಿಸಿದ ಎರಡು ಹೊರನಾಡಿನ ಕೃತಿಗಳನ್ನು ಇಲ್ಲಿ ನೆನೆಯುವುದು ಉಚಿತ. ಮೊದಲನೆಯದು ಲಿಯೋ ಮೆಕ್‌ಕೇರಿ 1937ರಲ್ಲಿ ತೆಗೆದ ಅಮೆರಿಕದ ಚಿತ್ರ ‘ಮೇಕ್ ವೇ ಫಾರ್ ಟುಮಾರೋ’. ಮನೆ ಕಳೆದುಕೊಂಡ ಮುದುಕ ಮುದುಕಿ ಬೇರೆ ಬೇರೆ ಮಕ್ಕಳ ಮನೆ ಸೇರಿದ್ದಾರೆ. ವೃದ್ಧೆಯರ ಆಶ್ರಮವೊಂದರಿಂದ ಮಗನಿಗೆ ಬಂದ ಕಾಗದ ತಾಯಿಯ ಕಣ್ಣಿಗೆ ಬೀಳುತ್ತದೆ. ಮಗ ಮಾತು ತೆಗೆಯಲಾರದೆ ತಡವರಿಸುತ್ತಿರುವಾಗ ತಾಯಿಯೇ ಮುಂದಾಗಿ, ತನಗೆ ಅಲ್ಲಿಗೆ ಹೋಗುವ ಆಸೆಯೆಂದು ಹೇಳಿಬಿಡುತ್ತಾಳೆ. ತಂದೆಗೆ ಮಾತ್ರ ತಿಳಿಯಬಾರದೆಂದು ಕೇಳಿಕೊಳ್ಳುತ್ತಾಳೆ. ಮಗನನ್ನು ನಾಚಿಕೆಯಿಂದ ಉಳಿಸಲು ತಾಯಿ ಆಡಿದ ಸುಳ್ಳು ಅದು. ನಮ್ಮ ತಾಯಂದಿರೂ ‘ನನಗೆ ಅಲ್ಲೇ ಹಿತ ಕಣಪ್ಪ’ ಎನ್ನುವುದುಂಟು. ಅದನ್ನು ನಾವು ಒಪ್ಪಿಗೆಯೆಂದು ಬರೆದುಕೊಳ್ಳುತ್ತೇವೆ. ಅದು ಒಪ್ಪಿಗೆಯಲ್ಲ, ತ್ಯಾಗ. ಎರಡಕ್ಕೂ ಇರುವ ಅಂತರವನ್ನು ಮೆಕ್‌ಕೇರಿ ಒಂದೇ ದೃಶ್ಯದಲ್ಲಿ ಕಾಣಿಸಿದ್ದಾರೆ.

ಎರಡನೆಯದು, 2013ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಕೆನಡಾದ ಕಥೆಗಾರ್ತಿ ಆಲಿಸ್ ಮನ್ರೋ ಅವರ ‘ದಿ ಬೇರ್ ಕೇಮ್ ಓವರ್ ದಿ ಮೌಂಟನ್’. ಸಾರಾ ಪಾಲಿ 2006ರಲ್ಲಿ ಇದನ್ನು ಚಿತ್ರವಾಗಿಸಿದರು. ಎಪ್ಪತ್ತರ ಫಿಯೋನಾ ಅಡಿಗೆಮನೆಯ ಒಂದೊಂದು ಸೆಳೆಖಾನೆಗೂ ಒಳಗೇನಿದೆಯೆಂದು ಚೀಟಿ ಅಂಟಿಸಿದ್ದಾಳೆ. ಎಳೆದು ನೋಡಿದರೆ ಸಾಲದೆ ಎಂದು ಗಂಡ ಗ್ರಾಂಟನಿಗೆ ಅಚ್ಚರಿ. ಮರೆವು ಏರಿದಾಗ, ನನ್ನನ್ನು ಆ ಜಾಗಕ್ಕೆ ಸೇರಿಸಬೇಕಾಗುತ್ತದೆಯೆಂದು ಆಕೆಯೇ ಮೊದಲು, ಅರೆ ತಮಾಷೆಯಲ್ಲಿ, ಅದರ ಹೆಸರನ್ನು ತಿರುಚಿ ಹೇಳುತ್ತಾಳೆ. ಇಲ್ಲಿ ಸುಳ್ಳಿಲ್ಲ, ತ್ಯಾಗದ ಬಿಂಕವೂ ಇಲ್ಲ. ಇನ್ನೂ ಆ ಹಂತ ಬಂದಿಲ್ಲವೆನ್ನುವವನು, ಬಂದರೂ ಅದು ತಾತ್ಕಾಲಿಕವೆಂದು ಸಮಾಧಾನ ಹೇಳಿಕೊಳ್ಳುವವನು ಗಂಡ. ಕಳಿಸುವವರಿಗೆ ಬೇಕಾದ ಹುಸಿಮಾತು ಹೋಗುವವರಿಗೆ ಬೇಕಿಲ್ಲದಿರಬಹುದೆಂಬುದು ಮನ್ರೋ ಅವರ ಸೂಕ್ಷ್ಮ.

ಕಥೆ ಬಾಗಿಲಲ್ಲಿ ನಿಲ್ಲುವುದಿಲ್ಲ. ಮೊದಲ 30 ದಿನ ಭೇಟಿ ಕೂಡದೆಂಬುದು ಆ ಮನೆಯ ನಿಯಮ. ಅದು ಕಳೆದು ಗಂಡ ಹೋದಾಗ ಹೆಂಡತಿಗೆ ಅಲ್ಲಿಯ ಇನ್ನೊಬ್ಬ ರೋಗಿ ಆಪ್ತನಾಗಿದ್ದಾನೆ. ಆ ರೋಗಿಯನ್ನು ಅವನ ಹೆಂಡತಿ ಮರಿಯನ್ ಮನೆಗೆ ಕರೆದೊಯ್ಯುತ್ತಾಳೆ. ಅಲ್ಲಿಯೇ ಬಿಡಬೇಕಾದರೆ ತನ್ನ ಮನೆಯನ್ನು ಮಾರಬೇಕಾದೀತೆಂಬ ಲೆಕ್ಕ ಆಕೆಯದು. ಮನೆಯಲ್ಲಿ ಇಟ್ಟುಕೊಂಡದ್ದೆಲ್ಲ ಪ್ರೇಮವಲ್ಲ, ಕಳಿಸಿದ್ದೆಲ್ಲ ನಿಷ್ಠುರವೂ ಅಲ್ಲ. ಮಕ್ಕಳನ್ನು ಒಳ್ಳೆಯವರು, ಕೆಟ್ಟವರು ಎಂದು ವಿಂಗಡಿಸಿ ಕೈತೊಳೆದುಕೊಳ್ಳುವ ಕಥೆಗಳಿಗೆ ಈ ಮಾತು ಎಟುಕುವುದಿಲ್ಲ.

ಹಾಗಾದರೆ ಯಾವಾಗ? ಕೃತಿಗಳನ್ನು ಬದಿಗಿಟ್ಟೂ ಓದುಗರು ಕೇಳುವ ಪ್ರಶ್ನೆ ಇದೇ. ಇದಕ್ಕೆ ಒಂದಲ್ಲ, ಎರಡು ಕಾಲಗಳುಂಟೆಂದು ನನ್ನ ಅಭಿಪ್ರಾಯ. ಹೊರಡುವ ಕಾಲ, ಮನೆಯ ರಾತ್ರಿಗಳು ಅಪಾಯಕ್ಕೆ ತಿರುಗಿದಾಗ, ನೋಡಿಕೊಳ್ಳುವವರೇ ಹಾಸಿಗೆ ಹಿಡಿಯುವಂತಾದಾಗ ಬರುತ್ತದೆ. ಅದನ್ನು ನೆರೆಹೊರೆಯವರು ಅಳೆಯಲಾರರು. ಮಾತಾಡುವ ಕಾಲ ಅದಕ್ಕೆ ಬಹಳ ಮುಂಚೆ, ಸೆಳೆಖಾನೆಗೆ ಮೊದಲ ಚೀಟಿ ಅಂಟಿದಾಗಲೇ ಬಂದಿರುತ್ತದೆ. ನಾವು ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳುತ್ತೇವೆ. ‘ಹಾಕಿದರು’ ಎಂಬ ಮಾತು ಹುಟ್ಟುವುದು ಹೀಗೆ. ಅಂದು ಒಪ್ಪಿದ ಫಿಯೋನಾ ಬೇರೆ, ಅಲ್ಲಿ ಬಾಳುವ ಫಿಯೋನಾ ಬೇರೆ ಎಂಬ ಆಕ್ಷೇಪಣೆಗೆ ಬಲವಿದೆ. ಅದಕ್ಕೆಂದೇ ಒಮ್ಮೆ ಕೇಳಿ ಬಿಡುವ ಪ್ರಶ್ನೆಯಲ್ಲ ಅದು. ಹೋದ ಮೇಲೂ ಅವರ ಮುಖ ನೋಡಿ ಮತ್ತೆ ಮತ್ತೆ ಕೇಳಿಕೊಳ್ಳಬೇಕಾದದ್ದು.

ಹುಡುಕಾಟವನ್ನು ಚೆನ್ನಾಗಿ ಕಾಣಿಸಿದ ಕನ್ನಡ, ಈ ಕೇಳುವ ಗಳಿಗೆಯನ್ನೂ ಕಾಣಿಸಬಲ್ಲದು. ಅದನ್ನು ಬರೆಯಹೊರಟ ಕಥೆಗಾರರಲ್ಲಿ ನನ್ನದೊಂದು ವಿನಂತಿ: ಹಿರಿಯರಿಗೆ ಉತ್ತರ ಕೊಡುವ ಶಕ್ತಿಯಿರುವಾಗಲೇ ದೃಶ್ಯವನ್ನು ತೆರೆಯಿರಿ, ಕಾಫಿ ತರಲು ಒಳಗೆ ಹೋದವಳನ್ನೂ ಕರೆದು ಕೂರಿಸಿರಿ.