ಅಲೆಮಾರಿಯ ಹಾಡು, ಸರ್ಕಾರದ ಮೊಹರು

ವಿಕ್ರಮ್ ಸೇಠ್ ಅವರ 'ಫ್ರಮ್ ಹೆವನ್ ಲೇಕ್' (1983) ಕೃತಿಯನ್ನು ಸಾಹಸಕಥನವೆಂದು ಓದುವುದೇ ರೂಢಿ. 1981ರಲ್ಲಿ ನಾನ್‌ಜಿಂಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಸೇಠ್ ಲಾರಿ ಹತ್ತಿ ಲ್ಹಾಸಾ ಸೇರಿ, ಪ್ರವಾಹದಿಂದ ಹಾಳಾದ ದಾರಿಯಲ್ಲಿ ನಡೆದು ನೇಪಾಳದ ಗಡಿ ದಾಟಿದರು. ಎರಡನೇ ಓದಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಪರವಾನಗಿಯ ಪ್ರಸಂಗ. ತುರ್ಫಾನಿನಲ್ಲಿ 'ಆವಾರಾ' ಚಿತ್ರದ ಹಾಡು ಹಾಡಿದ ಮೇಲೆ ಅವರ ಪಾಸಿಗೆ ಲ್ಹಾಸಾದ ಮೊಹರು ಬೀಳುತ್ತದೆ. ಅಲೆಮಾರಿಯ ಹಾಡಿಗೂ ಸರ್ಕಾರದ ಮೊಹರು ಬೇಕು!

ಲ್ಹಾಸಾದಲ್ಲಿ ಸಾಂಸ್ಕೃತಿಕ ಕ್ರಾಂತಿಯ ನೋವನ್ನು ಅವರೆದುರು ತೋಡಿಕೊಂಡವರಿಗೆ ಹಾಗೆ ಹೊರಡುವ ಸ್ವಾತಂತ್ರ್ಯವಿರಲಿಲ್ಲ. ಸೇಠ್ ಅವರ ಮಾತಿಗೆ ಜಾಗ ಕೊಡುತ್ತಾರೆ; ಅದು ಕೃತಿಯ ಪ್ರಾಮಾಣಿಕತೆ. ಆದರೆ ಗಡಿ ದಾಟಿದೊಡನೆ ಬರಹಕ್ಕೆ ಮನೆ ಸೇರುವ ಅವಸರ. ಕಠ್ಮಂಡುವಿನಿಂದ ದೆಹಲಿಗೆ ವಿಮಾನ. ಪ್ರವಾಸಕಥನ ಓದುವಾಗ ನಾನೀಗ ಮೊದಲು ಕೇಳಿಕೊಳ್ಳುವುದಿಷ್ಟೇ: ಈ ದಾರಿಯಲ್ಲಿ ಇನ್ಯಾರು ನಡೆಯಬಹುದಿತ್ತು?